ಪೇಜ್‌ಮೇಕರ್ ನಡೀಬೇಕು, ಅಷ್ಟ

ಮೂಡಲಗಿಯಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡುವ ಕಾಕಾ ಫೋನ್ ಮಾಡಿದ್ದರು. "ತಮ್ಮಾ, ಹೊಸಾ ಲ್ಯಾಪ್‌ಟಾಪ್ ಯಾವುದು ತಗೊಳ್ಳಲಿ? ಪೇಜ್‌ಮೇಕರ್ ನಡೀಬೇಕು, ಅಷ್ಟ." ಗೋಕಾಕ, ಹುಕ್ಕೇರಿ ಗಿರಾಕಿಗಳ ಹಳೇ ಫೈಲೆಲ್ಲ ಅದರಲ್ಲೇ ಇವೆ.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ; ಅದೇ ಕೊನೆಯದು. ಆದರೂ ಬೀಗರ ಹೆಸರುಗಳನ್ನೆಲ್ಲ ಒಂದೇ ಕಾರ್ಡಿನಲ್ಲಿ ಹಿಡಿಸುವುದರಲ್ಲಿ ಅದಕ್ಕೆ ಸಾಟಿ ನಾನಂತೂ ಕಂಡಿಲ್ಲ. ತೊಂದರೆ ವಯಸ್ಸಿನದಲ್ಲ, ಅದಕ್ಕೆ ಯುನಿಕೋಡ್ ತಿಳಿಯದು. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತವೆ. ಫಾಂಟ್ ತೆಗೆದರೆ ಮದುಮಗನ ಹೆಸರೇ ಕಲಸುಮೇಲೋಗರ. ಹುಡುಕಿದರೆ ಸಿಗದು, ವಾಟ್ಸಾಪಿಗೆ ಅಂಟಿಸಿದರೆ ಓದಲಾಗದು.

ವಿಂಡೋಸ್ 11, 16 ಜಿಬಿ ರ‍್ಯಾಮ್ ಇದ್ದದ್ದು ತಗೋರಿ ಅಂದೆ. ಒಳಗೆ ವರ್ಚುವಲ್‌ಬಾಕ್ಸ್, ಅದರಲ್ಲಿ ನಿಮ್ಮ ಹಳೇ ಸಿಡಿಯ ಎಕ್ಸ್‌ಪಿ. ಅದಕ್ಕೆ ಇಂಟರ್ನೆಟ್ ಮಾತ್ರ ಕೊಡಬ್ಯಾಡ್ರಿ. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಕೈಬಿಟ್ಟಿದೆ. ಲಿನಕ್ಸ್ ಹೇಳುವ ಆಸೆಯಿತ್ತು. ಲಗ್ನದ ಸೀಸನ್ನಿನಲ್ಲಿ ಪ್ರಿಂಟರ್ ಕೈಕೊಟ್ಟರೆ ಬೈಗುಳ ನನಗೇ. ಹೊಸ ಕೆಲಸವೆಲ್ಲ ಯುನಿಕೋಡಿನಲ್ಲೇ ಆಗಲಿ.

"ಹಳೇವು?"

ಯುನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆ, ಒತ್ತಕ್ಷರ, ಅರ್ಕಾವತ್ತು ಕಣ್ಣಲ್ಲಿ ನೋಡಿ ತಿದ್ದಬೇಕು ಅಂದೆ.

"ಲಗ್ನಪತ್ರಿಕೆ ಹೋಗ್ಲಿ ಬಿಡು. ನಮ್ಮಪ್ಪ ಬರೆಸಿದ್ದ ಭಜನಾ ಪದ ಅದಾವು ಅದರಾಗ."

ಅಪ್ಪನ ಕೈಬರಹದ ವಹಿ ಈಗಿಲ್ಲ. ಶನಿವಾರ ಊರಿಗೆ ಹೊರಟಿದ್ದೇನೆ, ಮೊದಲು ಆ ಫೈಲು.