ಅಂಕಿತವೂ ಗ್ರಂಥಸ್ವಾಮ್ಯವೂ

ವಚನ ವಾಙ್ಮಯದಲ್ಲಿ ಅಂಕಿತಕ್ಕಿರುವ ಸ್ಥಾನವನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ವಚನಕಾರನ ಹೆಸರೇ ಅಳಿದುಹೋಗಿ ಅಂಕಿತವೊಂದೇ ಉಳಿದಿರುವಲ್ಲಿ ವಿದ್ವಾಂಸರು ಅದನ್ನೇ ಹಿಡಿದು ಕರ್ತೃನಿರ್ಣಯಕ್ಕೆ ತೊಡಗಿದ್ದಾರೆ. ಹೀಗಿರಲು, ಈಚೆಗೆ ಹಾಸನದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನಿವೇದಿಸುವುದು ಅವಶ್ಯವೆನಿಸಿದೆ. ಹೊಳೆನರಸೀಪುರದ ಕಡೆಯ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ತಮ್ಮ ಪ್ರಬಂಧದ ಕರಡನ್ನು ತಿದ್ದಿಸಿಕೊಳ್ಳಲು ತಂದಿದ್ದರು. ಅದರಲ್ಲಿ ಅಕ್ಕಮಹಾದೇವಿಯ ವಚನವೆಂದು ಉದ್ಧರಿಸಿದ ಏಳು ಸಾಲುಗಳಿದ್ದವು. ಭಾಷೆ ಸುಭಗವಾಗಿತ್ತು, ಅಂಕಿತವೂ ಸರಿಯಾಗಿತ್ತು. ಆದರೆ ಎಲ್ಲಿಯೂ ಓದಿದ ನೆನಪಾಗಲಿಲ್ಲ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸರ್ಕಾರ ಪ್ರಕಟಿಸಿದ ಹದಿನೈದು ಸಂಪುಟಗಳ 'ಸಮಗ್ರ ವಚನ ಸಂಪುಟ'ದಲ್ಲಿ ಹುಡುಕಿದೆವು. 'ವಚನ ಸಂಚಯ'ವೆಂಬ ಗಣಕ ಭಂಡಾರದಲ್ಲಿಯೂ ಹುಡುಕಿದೆವು. ಸಿಗಲಿಲ್ಲ. ಎಲ್ಲಿಂದ ದೊರೆಯಿತೆಂದು ಕೇಳಿದರೆ, "ಫೋನಿನಲ್ಲಿ ಕೇಳಿದೆ ಸರ್, ಅದೇ ಬರೆದು ಕೊಟ್ಟಿತು" ಎಂದರು. ಅವರಲ್ಲಿ ಕಪಟವಿರಲಿಲ್ಲ. ಪುಸ್ತಕದ ಕಪಾಟಿನಿಂದ ಪುಸ್ತಕವನ್ನು ತೆಗೆದುಕೊಡುವಂತೆ ಯಂತ್ರವೂ ಇದ್ದುದನ್ನೇ ತೆಗೆದುಕೊಟ್ಟಿತೆಂದು ನಂಬಿದ್ದರು. ವಾಸ್ತವದಲ್ಲಿ ಕೃತಕ ಬುದ್ಧಿಮತ್ತೆಯ ಯಂತ್ರವು ತಾನು ಅರಗಿಸಿಕೊಂಡ ಅಪಾರ ಬರಹರಾಶಿಯ ಆಧಾರದಿಂದ, ಮುಂದೆ ಬರಲು ಯಾವ ಪದ ಸಂಭಾವ್ಯವೋ ಅದನ್ನು ಒಂದಾದಮೇಲೊಂದರಂತೆ ಪೋಣಿಸುತ್ತದೆ. ಅಕ್ಕನ ವಚನವನ್ನು ಕೇಳಿದರೆ ಅಕ್ಕನದರಂತೆ ಕಾಣುವುದನ್ನು ಕೊಡುತ್ತದೆ.

ಇನ್ನು ಕಾನೂನು ಈ ವಿಷಯದಲ್ಲಿ ಏನೆನ್ನುತ್ತದೆಂಬುದನ್ನು ನೋಡಬಹುದು. ನಮ್ಮ ದೇಶದ ಗ್ರಂಥಸ್ವಾಮ್ಯ ಅಧಿನಿಯಮ 1957ರದು. ಗಣಕಯಂತ್ರದಿಂದ ಹುಟ್ಟಿದ ಕೃತಿಗೆ, ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃವೆಂದು 1994ರ ತಿದ್ದುಪಡಿ ಹೇಳಿತು. ಆ ಸೂತ್ರವನ್ನು ಅಕ್ಷರಶಃ ಅನ್ವಯಿಸಿದರೆ ಮೇಲಣ ಏಳು ಸಾಲುಗಳ ಕರ್ತೃ ನಮ್ಮ ವಿದ್ಯಾರ್ಥಿಯೇ ಆಗಬೇಕು! ಆತನ ಮುಖ ಕೆಂಪೇರಿದ್ದನ್ನು ಕಂಡು ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಕಾನೂನಿನ ಲಕ್ಷ್ಯವೆಲ್ಲ ಸ್ವಾಮ್ಯ ಯಾರದು, ಎಷ್ಟು ವರ್ಷದ್ದು ಎಂಬುದರ ಮೇಲೆ. ಕರ್ತೃವಿನ ಮರಣದ ಮುಂದಿನ ವರ್ಷಾರಂಭದಿಂದ ಅರವತ್ತು ವರ್ಷವೆಂಬುದು ಅದರ ಲೆಕ್ಕ. ಹಾಸನ ಸೀಮೆಯ ಲೇಖಕರನ್ನೇ ಹಿಡಿದು ನೋಡಿದರೆ, ಅರಕಲಗೂಡನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಹೊತ್ತ ಅ.ನ.ಕೃ. ಅವರು 1971ರಲ್ಲಿ ತೀರಿಕೊಂಡರು. ಅವರ ಕಾದಂಬರಿಗಳು 2031ರ ಕೊನೆಯವರೆಗೆ ವಾರಸುದಾರರವು. ಗೊರೂರರ ಕೃತಿಗಳಿಗೆ 2051ರವರೆಗೆ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾಗಿ 2025ರಲ್ಲಿ ಅಗಲಿದ ಭೈರಪ್ಪನವರ ಕೃತಿಗಳಿಗೆ 2085ರವರೆಗೆ ರಕ್ಷಣೆಯುಂಟು. ಮನೆಮನೆ ಅಲೆದು ತಾಳೆಗರಿ ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದ, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದ ಫ. ಗು. ಹಳಕಟ್ಟಿಯವರು ಲಿಂಗೈಕ್ಯರಾದದ್ದು 1964ರಲ್ಲಿ. ಅವರ ಬರಹಗಳ ಸ್ವಾಮ್ಯ 2024ರ ಕೊನೆಗೆ ಮುಗಿಯಿತು. ಈಗ ಅವನ್ನು ಯಾರೂ ಮುದ್ರಿಸಬಹುದು, ಯಾವ ಯಂತ್ರಕ್ಕೂ ಉಣಿಸಬಹುದು. ಇದು ಸಂತೋಷದ ಸಂಗತಿಯೇ ಸರಿ. ಹಳಕಟ್ಟಿಯವರೇ ಇದ್ದಿದ್ದರೆ ಹಣ ಕೇಳುತ್ತಿದ್ದರೆಂದು ನಮಗೆ ತೋರುವುದಿಲ್ಲ. ಆದರೆ ಯಾವ ಪಾಠ ಹಳಕಟ್ಟಿಯವರದು, ಯಾವುದು ಆಮೇಲಣ ಸಂಪಾದಕರದು, ಯಾವುದು ಯಂತ್ರದ್ದು ಎಂಬ ಗುರುತು ಅಳಿಸಿಹೋದರೆ ಆಗುವ ನಷ್ಟವನ್ನು ಅರವತ್ತು ವರ್ಷದ ಲೆಕ್ಕ ತುಂಬಿಕೊಡಲಾರದು.

ಶಾಸನಗಳ ನಿದರ್ಶನದಿಂದ ಈ ಮಾತು ಇನ್ನೂ ಸ್ಪಷ್ಟವಾದೀತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶಿಲಾಲೇಖಗಳನ್ನು ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ಐದನೆಯ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸಿದರು. (ಶ್ರವಣಬೆಳಗೊಳದವು ಅದಕ್ಕೂ ಮೊದಲೇ, 1889ರಲ್ಲಿ, ಎರಡನೆಯ ಸಂಪುಟವಾಗಿ ಬಂದಿದ್ದವು.) ಆ ಪುಟಗಳ ಛಾಯಾಪ್ರತಿ ಈಗ ಜಾಲದಲ್ಲಿ ಎಲ್ಲರಿಗೂ ಲಭ್ಯ. ಕಲ್ಲು ಸವೆದು ಅಕ್ಷರ ಕಾಣದಾದಲ್ಲಿ ಶಾಸನ ಸಂಪಾದಕರು ಚುಕ್ಕೆಗಳನ್ನಿಡುತ್ತಾರೆ. ಊಹಿಸಿ ತುಂಬಿದ್ದನ್ನು ಕಂಸದೊಳಗೆ ಹಾಕುತ್ತಾರೆ. ಯಂತ್ರದ ಮೂಲಕ ಓದಿಸಿದಾಗ ೞಕಾರವು ಳಕಾರವಾಗಿಯೂ ಱಕಾರವು ರಕಾರವಾಗಿಯೂ ಬರುವುದುಂಟು. ಅದಾದರೂ ತಿದ್ದಬಹುದಾದ ದೋಷ. ಚುಕ್ಕೆಗಳಿದ್ದಲ್ಲಿ ಸಂಭಾವ್ಯವಾದ ಪದವನ್ನು ತುಂಬಿ, ತುಂಬಿದೆನೆಂದು ಹೇಳದೆ ಮುಂದೆ ಹೋದರೆ ಅದು ದೊಡ್ಡ ಅಪಾಯ. ಅಲ್ಲಿ ದಾನ ಕೊಟ್ಟವನ ಹೆಸರೋ, ಕೆರೆಯ ಹೆಸರೋ ಇರಬಹುದು. ಊರಿನ ಚರಿತ್ರೆಯೇ ಆ ಎರಡಕ್ಷರದ ಮೇಲೆ ನಿಂತಿರಬಹುದು. ಚುಕ್ಕೆಯೆಂಬುದು ಸಂಪಾದಕನ ಪ್ರಾಮಾಣಿಕತೆ. ಅದಕ್ಕೆ ಸ್ವಾಮ್ಯವುಂಟೆ?

ಈಸ್ಟರ್ನ್ ಬುಕ್ ಕಂಪನಿ ಮತ್ತು ಮೋದಕ್ ಅವರ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪು ಇಲ್ಲಿ ಸ್ಮರಣೀಯ. ಸಾರ್ವಜನಿಕವಾದ ಮೂಲಪಾಠವನ್ನು ಬರಿದೆ ತಿದ್ದಿ ಅಚ್ಚುಮಾಡಿದ ಶ್ರಮಕ್ಕೆ ಸ್ವಾಮ್ಯವಿಲ್ಲ, ವಿವೇಚನೆಯಿಂದ ಕೂಡಿಸಿದ ಅಂಶಕ್ಕೆ ಮಾತ್ರ ಉಂಟೆಂಬುದು ಅದರ ತಾತ್ಪರ್ಯ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಬಗೆಗಿನ 2009ರ ತೀರ್ಪಿನಲ್ಲಿಯೂ ಇಂಥದೇ ವಿವೇಕ ಕಾಣುತ್ತದೆ: ಯಕ್ಷಗಾನಕ್ಕೆ ಒಡೆಯರಿಲ್ಲ, ಕಾರಂತರು ಹೊಸದಾಗಿ ಕಟ್ಟಿದ್ದಕ್ಕೆ ಅವರ ಉಯಿಲಿನ ಪ್ರಕಾರ ಹಕ್ಕು ಸಲ್ಲುತ್ತದೆ. ಇದನ್ನು ಶಾಸನಕ್ಕೂ ವಚನಕ್ಕೂ ಅನ್ವಯಿಸಿದರೆ, ಮೂಲ ಎಲ್ಲರದು, ಪಾಠನಿರ್ಣಯ ಸಂಪಾದಕನದು ಎಂದಾಗುತ್ತದೆ. ಆದರೆ ಹಾಗೆ ವಿಂಗಡಿಸಲು ಸಂಪಾದಕನ ಗುರುತು ಉಳಿದಿರಬೇಕಷ್ಟೆ. ಯಂತ್ರವು ಎಲ್ಲವನ್ನೂ ಒಂದೇ ಹಿಟ್ಟಾಗಿ ಬೀಸುತ್ತದೆ.

ಸದ್ಯದ ವ್ಯಾಜ್ಯಗಳೆಲ್ಲ ಬಹುಮಟ್ಟಿಗೆ ಹಣದ ಸುತ್ತ ಸಾಗಿವೆ. 2024ರ ನವೆಂಬರಿನಲ್ಲಿ ಎ.ಎನ್.ಐ. ಸುದ್ದಿಸಂಸ್ಥೆಯು ಓಪನ್ ಎಐ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಅಮೆರಿಕದಲ್ಲಿ ಕಳ್ಳಪ್ರತಿಗಳ ಭಂಡಾರದಿಂದ ಪುಸ್ತಕ ಪಡೆದ ಆರೋಪಕ್ಕೆ ಸಂಬಂಧಿಸಿ ಆಂಥ್ರೋಪಿಕ್ ಸಂಸ್ಥೆ 2025ರಲ್ಲಿ 150 ಕೋಟಿ ಡಾಲರು ಕೊಡಲೊಪ್ಪಿತು. ಬದುಕಿರುವ ಲೇಖಕನ ದುಡಿಮೆಗೆ ಬೆಲೆ ಸಲ್ಲಲೇಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಅಕ್ಕನ ಪಾಲಿನ ಗೌರವಧನವನ್ನು ಯಾರಿಗೆ ಕೊಡುವುದು? ಅಧಿನಿಯಮದ 57ನೆಯ ಕಲಮು ಕರ್ತೃವೆನಿಸಿಕೊಳ್ಳುವ ಹಕ್ಕನ್ನೂ ಕೃತಿ ವಿರೂಪಗೊಂಡರೆ ತಡೆಯುವ ಹಕ್ಕನ್ನೂ ಹಣದಿಂದ ಬೇರೆಯಾಗಿಯೇ ಇಟ್ಟಿದೆ. ನಮ್ಮ ಪ್ರಾಚೀನ ಸಾಹಿತ್ಯಕ್ಕೆ ಬೇಕಾದುದು ಇದೇ. ಆದರೆ ಅದನ್ನು ಚಲಾಯಿಸಬೇಕಾದವರು ಕರ್ತೃ ಅಥವಾ ಆತನ ಕಾನೂನು ಪ್ರತಿನಿಧಿಗಳು. ಹನ್ನೆರಡನೆಯ ಶತಮಾನದ ಶರಣೆಗೆ ನ್ಯಾಯಾಲಯದಲ್ಲಿ ಪ್ರತಿನಿಧಿ ಯಾರು?

ಪ್ರಕ್ಷಿಪ್ತಗಳು ಹಿಂದೆಯೂ ಇದ್ದವಲ್ಲ ಎಂಬ ಆಕ್ಷೇಪ ಬರಬಹುದು. ಇದ್ದವು, ನಿಜ. ಆದರೆ ಲಿಪಿಕಾರನು ಸೇರಿಸಿದ್ದಕ್ಕೆ ಒಂದು ಓಲೆ, ಒಂದು ಕೈಬರಹ, ಒಂದು ಊರು ಇರುತ್ತಿದ್ದವು. ಪ್ರತಿಗಳನ್ನು ಹೋಲಿಸಿ ಹಿಡಿಯಬಹುದಾಗಿತ್ತು. ಈ ಹೊಸ ಪ್ರಕ್ಷೇಪಕ್ಕೆ ಮಾತೃಕೆಯೇ ಇಲ್ಲ. ಅದು ಇಂದು ಒಂದು ಪ್ರಬಂಧವನ್ನು ಸೇರಿದರೆ ನಾಳೆ ಜಾಲಕ್ಕೇರುತ್ತದೆ, ಮುಂದಿನ ಯಂತ್ರ ಅದನ್ನೇ ಅಕ್ಕನ ವಚನವೆಂದು ಕಲಿಯುತ್ತದೆ. ಆದಕಾರಣ ವಚನವನ್ನು ಉದ್ಧರಿಸುವವರು ಸಂಪುಟ ಮತ್ತು ವಚನದ ಸಂಖ್ಯೆಯನ್ನು ಕೊಡಲೇಬೇಕೆಂದು ವಿಶ್ವವಿದ್ಯಾಲಯಗಳೂ ಪತ್ರಿಕೆಗಳೂ ವಿಧಿಸುವುದು ಯುಕ್ತ. ಅದಕ್ಕೆ ಕಾನೂನಿನ ತಿದ್ದುಪಡಿಗೆ ಕಾಯಬೇಕಾಗಿಲ್ಲ.

ವಿದ್ಯಾರ್ಥಿ ಆ ಏಳು ಸಾಲುಗಳನ್ನು ಅಲ್ಲಿಯೇ ಹೊಡೆದುಹಾಕಿದರು. ಹೊರಡುವ ಮುನ್ನ ಕುತೂಹಲಕ್ಕೆಂದು ಮತ್ತೆ ಅದೇ ಪ್ರಶ್ನೆಯನ್ನು ಫೋನಿಗೆ ಹಾಕಿದರು. ಈ ಸಲ ಬೇರೆಯೇ ಒಂಬತ್ತು ಸಾಲು ಬಂದವು, ಕೊನೆಯಲ್ಲಿ ಅದೇ ಚೆನ್ನಮಲ್ಲಿಕಾರ್ಜುನ.