ಸಿಂಬೆ ತಿಂದ ಬಣ್ಣ

ಸರಸ್ವತಿ ನಗರದ ನಮ್ಮ ಬೀದಿಯಲ್ಲಿ ಉರುಮೆ ಗುರುಗುಟ್ಟಿತೆಂದರೆ ಸಾಕು, ಕಾಫಿ ಲೋಟ ಅಲ್ಲೇ ಬಿಟ್ಟು ಗೇಟಿಗೆ ಓಡುತ್ತೇನೆ. ದುರುಗಮುರುಗಿಯವರು ಬಂದಿರುತ್ತಾರೆ. ಹೆಂಗಸಿನ ತಲೆಯ ಮೇಲೆ ಮರದ ಪೆಟ್ಟಿಗೆ, ಒಳಗೆ ಅಮ್ಮ. ಗಂಡಸಿನ ಕಾಲಿಗೆ ಗೆಜ್ಜೆ, ಕೈಯಲ್ಲಿ ಚಾಟಿ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ಜನ ಅವಳಿದ್ದಲ್ಲಿಗೆ ಹೋಗಬೇಕು. ಪೆಟ್ಟಿಗೆಯ ಈ ದುರುಗವ್ವ ಮಾತ್ರ ತಾನೇ ಮನೆ ಬಾಗಿಲಿಗೆ ಬರುತ್ತಾಳೆ.

ಹೊತ್ತೊಯ್ಯುವ ಚಿತ್ರದ ಗುಡಿ ಎಂದರೆ ಕಲಾಸಕ್ತರಿಗೆ ಮೊದಲು ನೆನಪಾಗುವುದು ರಾಜಸ್ಥಾನದ ಕಾವಡ್. ಚಿತ್ತೋಡಗಢ ಜಿಲ್ಲೆಯ ಬಸ್ಸಿ ಊರಿನ ಸುಥಾರ ಬಡಗಿಗಳ ಕೈಕೆಲಸ ಅದು. ಕಾವಡಿಯಾ ಭಾಟ ನವಿಲುಗರಿಯಿಂದ ಒಂದೊಂದೇ ಚಿತ್ರ ತೋರಿಸುತ್ತ ಕಥೆ ಹೇಳುತ್ತಾನೆ. ಹಲಗೆಯ ಹಿಂದೊಂದು ಹಲಗೆ ತೆರೆದುಕೊಂಡು, ಕಟ್ಟಕಡೆಗೆ ಗರ್ಭಗುಡಿ. ಕಥೆ ಕೇಳುವ ಮನೆತನದ ಹಿರಿಯರೂ ದೇವರ ಜೊತೆಗೆ ಆ ಹಲಗೆಗಳ ಮೇಲಿರುತ್ತಾರೆ.

ನಮ್ಮ ಪೆಟ್ಟಿಗೆಗೆ ಆ ವೈಭವವಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ನಯವನ್ನೂ ಇಲ್ಲಿ ಹುಡುಕಬಾರದು. ಇಲ್ಲಿ ಕಥೆ ನಡೆಯುವುದು ಪೆಟ್ಟಿಗೆಯ ಹೊರಗೆ. ಕಡ್ಡಿಯಿಂದ ಚರ್ಮ ಉಜ್ಜಿದಾಗ ಹೊಟ್ಟೆಯೊಳಗಿಂದ ಬಂದಂತೆ ನರಳುವ ಉರುಮೆ, ಬರಿಮೈ ಮೇಲೆ ಛಟೀರೆನ್ನುವ ಚಾಟಿ, ಪುಟ್ಟ ಬಾಗಿಲ ಮುಂದೆ ಮೊರೆ.

ಹಳೆಯ ಪೆಟ್ಟಿಗೆ ಅರಸುವವರು ಬಣ್ಣ ನೋಡುತ್ತಾರೆ. ನಾನಾದರೋ ತಳ ನೋಡುತ್ತೇನೆ. ತಲೆಯ ಸಿಂಬೆ ಕೂರುವ ಜಾಗದಲ್ಲಿ ಬಣ್ಣ ದುಂಡಗೆ ಸವೆದಿರುತ್ತದೆ. ಕೊಬ್ಬರಿ ಎಣ್ಣೆ, ಬೆವರು ಕುಡಿದು ಮರ ಕಪ್ಪಗೆ ಮಿರುಗುತ್ತದೆ. ಆ ಗುರುತನ್ನು ಯಾವ ಕುಂಚವೂ ಬರೆಯಲಾರದು. ಅದಿಲ್ಲದ್ದು ಹೊತ್ತ ಪೆಟ್ಟಿಗೆಯಲ್ಲ, ಅಂಗಡಿಯ ಪೆಟ್ಟಿಗೆ.

ಕಳೆದ ಸಲ ಬಂದಾಗ ಪೆಟ್ಟಿಗೆಯ ಮೈಗೆಲ್ಲ ಹೊಚ್ಚಹೊಸ ಕೆಂಪು ಎನಾಮಲ್. ಹಳೇ ಅರಿಶಿನ ಬಣ್ಣ, ಬಳ್ಳಿಯ ಗೆರೆ ಎಲ್ಲ ಮುಚ್ಚಿಹೋಗಿತ್ತು. ನನಗೆ ಹೊಟ್ಟೆ ಉರಿಯಿತು.

“ಹಳೇದೇ ಚಂದಿತ್ತಲ್ಲಮ್ಮಾ, ಯಾಕೆ ಬಳಿಸಿದ್ರಿ?”

“ತಾಯಿಗೆ ಹಬ್ಬಕ್ಕೂ ಹಳೇ ಸೀರೆನೇ ಉಡಿಸ್ತಾರಾ ಸಾಮಿ?”

ನನ್ನಲ್ಲಿ ಉತ್ತರವಿರಲಿಲ್ಲ. ಮೊರದಲ್ಲಿ ಜೋಳ ತಂದು ಹಾಕಿದೆ. ಆಕೆ ಸಿಂಬೆ ಸರಿಮಾಡಿಕೊಂಡು ಪೆಟ್ಟಿಗೆ ಮೇಲೆತ್ತುವಾಗ ಬಗ್ಗಿ ನೋಡಿದೆ. ತಳಕ್ಕೆ ಮಾತ್ರ ಬಣ್ಣ ಬಳಿದಿರಲಿಲ್ಲ.