ಲಲಿತ ಪ್ರಬಂಧದ 'ನಾನು': ಒಂದು ಸ್ವರೂಪ ವಿವೇಚನೆ

ಕನ್ನಡದಲ್ಲಿ 'ಪ್ರಬಂಧ' ಎಂಬ ಪದದ ವ್ಯಾಪ್ತಿ ಬಹು ವಿಶಾಲವಾದುದು. ಶಾಲೆಯ ವಿದ್ಯಾರ್ಥಿ ಬರೆಯುವುದೂ ಪ್ರಬಂಧ, ವಿಚಾರ ಸಂಕಿರಣದಲ್ಲಿ ವಿದ್ವಾಂಸರು ಮಂಡಿಸುವುದೂ ಪ್ರಬಂಧ. ಡಾಕ್ಟರೇಟ್ ಪದವಿಗಾಗಿ ಸಲ್ಲಿಸುವುದು ಮಹಾಪ್ರಬಂಧ. ಸಂಸ್ಕೃತ ಮೂಲದ ಈ ಪದಕ್ಕೆ ಚೆನ್ನಾಗಿ ಕಟ್ಟಿದ್ದು ಎಂಬ ಅರ್ಥವಿದ್ದು, ಹಿಂದೆ ಕಾವ್ಯಕೃತಿಗಳಿಗೂ ಅದು ಸಲ್ಲುತ್ತಿತ್ತು. ಇಂಗ್ಲಿಷಿನ 'ಎಸ್ಸೆ'ಗೆ ಸಂವಾದಿಯಾಗಿ ಇದೇ ಪದ ನೆಲೆಗೊಂಡಿತು. ಆದರೆ ಫ್ರೆಂಚ್ ಮೂಲದಲ್ಲಿ 'ಎಸ್ಸೆ' ಎಂದರೆ ಯತ್ನ, ಪರೀಕ್ಷೆ. ಬಿಗಿಯಾದ ಬಂಧವನ್ನು ಸೂಚಿಸುವ ಹೆಸರು ಸಡಿಲವಾಗಿ ಸಾಗುವ ಮನಸ್ಸಿನ ಯತ್ನವನ್ನೂ ಹೊರಬೇಕಾದಾಗ 'ಲಲಿತ' ಎಂಬ ವಿಶೇಷಣ ನೆರವಿಗೆ ಬಂದಿತು. ಈ ವಿಶೇಷಣ ಒಂದು ತೊಡಕನ್ನು ಬಿಡಿಸಿ ಮತ್ತೊಂದನ್ನು ಹುಟ್ಟುಹಾಕಿತು. ಲಲಿತವೆಂದರೆ ಲಘುವಾದದ್ದು, ಬಿಡುವಿನ ವೇಳೆಯ ರಂಜನೆ ಎಂಬ ಭಾವನೆ ಬೇರೂರಿತು.

ಲಲಿತ ಪ್ರಬಂಧವನ್ನು ಇತರ ಪ್ರಬಂಧಗಳಿಂದ ಬೇರ್ಪಡಿಸಲು ಸಾಮಾನ್ಯವಾಗಿ ಮೂರು ಲಕ್ಷಣಗಳನ್ನು ಹೇಳುವುದುಂಟು: ವಸ್ತು ಕ್ಷುಲ್ಲಕವೆನಿಸುವಷ್ಟು ಸಾಧಾರಣವಾಗಿರುವುದು, ಧಾಟಿ ಹಗುರವಾಗಿರುವುದು, ಲೇಖಕ 'ನಾನು' ಎಂದು ಮಾತನಾಡುವುದು. ಪ್ರಕಾರದ ಇತಿಹಾಸದಲ್ಲಿ ಈ ಮೂರೂ ಪೂರ್ಣವಾಗಿ ನಿಲ್ಲುವುದಿಲ್ಲ. 1580ರಲ್ಲಿ ಮೊದಲ ಎರಡು ಸಂಪುಟಗಳನ್ನು ಪ್ರಕಟಿಸಿದ ಮೊಂಟೇನ್ ಸಾವು, ಸ್ನೇಹ, ಶಿಕ್ಷಣಗಳಂತಹ ಗಂಭೀರ ವಿಷಯಗಳನ್ನೇ ಎತ್ತಿಕೊಂಡ. 1597ರಲ್ಲಿ ಹತ್ತು ಪ್ರಬಂಧಗಳನ್ನು ಪ್ರಕಟಿಸಿದ ಬೇಕನ್ನನೂ ತನ್ನ ಬರಹಕ್ಕೆ 'ಎಸ್ಸೆ' ಎಂಬ ಹೆಸರನ್ನೇ ಕೊಟ್ಟ. ಬೇಕನ್ ನಿರ್ಣಯಗಳನ್ನು ಸೂತ್ರಪ್ರಾಯವಾಗಿ ನೀಡುತ್ತಾನೆ. ಅವುಗಳನ್ನು ಒಪ್ಪಲು ಅವನ ಪರಿಚಯ ಓದುಗನಿಗೆ ಬೇಕಾಗಿಲ್ಲ. ಮೊಂಟೇನ್ 1588ರಲ್ಲಿ ಮೂರನೆಯ ಸಂಪುಟವನ್ನು ಸೇರಿಸಿದ ಮೇಲೆಯೂ, 1592ರಲ್ಲಿ ತೀರಿಕೊಳ್ಳುವವರೆಗೆ ಮುದ್ರಿತ ಪ್ರತಿಯ ಅಂಚುಗಳಲ್ಲಿ ಹೊಸ ಮಾತುಗಳನ್ನು ಬರೆಯುತ್ತಲೇ ಹೋದ. ಒಬ್ಬನಲ್ಲಿ ಆಲೋಚನೆಯ ಫಲವಿದೆ. ಇನ್ನೊಬ್ಬನಲ್ಲಿ ಆಲೋಚನೆ ನಡೆಯುವ ಬಗೆಯೇ ಬರಹವಾಗಿದೆ. ಭೇದದ ನೆಲೆ ಇಲ್ಲಿದೆ.

ಹಾಗಾದರೆ ಈ ಪ್ರಕಾರದಲ್ಲಿ ಕಾಣುವ 'ನಾನು' ಯಾರು? ಚಾರ್ಲ್ಸ್ ಲ್ಯಾಂಬ್ ಈ ಪ್ರಶ್ನೆಗೆ ಉತ್ತಮ ನಿದರ್ಶನ. ಅವನ ಪ್ರಬಂಧಗಳು 1823ರಲ್ಲಿ ಗ್ರಂಥರೂಪ ತಳೆದಾಗ ಅವುಗಳಲ್ಲಿ ಮಾತನಾಡುವವನು 'ಈಲಿಯಾ' ಎಂಬ ಕಲ್ಪಿತ ವ್ಯಕ್ತಿ. ಲ್ಯಾಂಬನ ಅಕ್ಕ ಮೇರಿ ಅಲ್ಲಿ ಬ್ರಿಜೆಟ್ ಎಂಬ ಸೋದರ ಸಂಬಂಧಿಯಾಗುತ್ತಾಳೆ. ಅವಿವಾಹಿತನಾಗಿಯೇ ಉಳಿದ ಲ್ಯಾಂಬ್, ಕನಸಿನ ಮಕ್ಕಳನ್ನು ಕುರಿತ ಪ್ರಬಂಧದಲ್ಲಿ ತನಗಿಲ್ಲದ ಮಕ್ಕಳಿಗೆ ಹಳೆಯ ಕಥೆ ಹೇಳುತ್ತಾನೆ. ಅಲ್ಲಿನ ಸಂಗತಿಗಳು ಕಲ್ಪಿತವಾದರೂ ಹಂಬಲ ನಿಜವಾದುದು. ಆದುದರಿಂದ ಪ್ರಬಂಧದ 'ನಾನು' ಆತ್ಮಕಥೆಯ 'ನಾನು'ವಿನಿಂದ ಭಿನ್ನ. ಆತ್ಮಕಥೆ ನಡೆದ ಬದುಕಿಗೆ ಉತ್ತರ ಹೇಳಬೇಕು. ಪ್ರಬಂಧ ಮನಸ್ಸಿನ ಪ್ರಾಮಾಣಿಕತೆಗೆ ಮಾತ್ರ ಬದ್ಧ.

ಕನ್ನಡದ ಕೃತಿಗಳ ಹೆಸರುಗಳಲ್ಲೇ ಇನ್ನೊಂದು ಭೇದ ಕಾಣುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು', ಕುವೆಂಪು ಅವರ 'ಮಲೆನಾಡಿನ ಚಿತ್ರಗಳು', ಪು.ತಿ.ನ. ಅವರ 'ರಥಸಪ್ತಮಿ ಮತ್ತು ಇತರ ಚಿತ್ರಗಳು' ಮೂರರಲ್ಲೂ 'ಚಿತ್ರ'ವೆಂಬ ಮಾತಿದೆ. ಡಿ.ವಿ.ಜಿ. ಅವರ 'ಜ್ಞಾಪಕ ಚಿತ್ರಶಾಲೆ'ಯಲ್ಲಿಯೂ ಅದೇ ಮಾತು. ಚಿತ್ರಕ್ಕೆ ಹೊರಗೊಂದು ವಸ್ತು ಬೇಕು. ಊರೋ ಕಾಡೋ ವ್ಯಕ್ತಿಯೋ ಅಲ್ಲಿ ಕೇಂದ್ರ. ಎ.ಎನ್. ಮೂರ್ತಿರಾವ್ (1900–2003) ಅವರಾದರೋ ತಮ್ಮ ಸಂಕಲನಗಳನ್ನು 'ಹಗಲುಗನಸುಗಳು', 'ಅಲೆಯುವ ಮನ' ಎಂದು ಕರೆದರು. ಇಲ್ಲಿ ಹೆಸರು ಸೂಚಿಸುವುದು ಮನಸ್ಸಿನ ಕ್ರಿಯೆಯನ್ನು. ಈ ಎರಡು ಪ್ರವೃತ್ತಿಗಳು ಒಂದೇ ಬರಹದಲ್ಲಿ ಬೆರೆಯುವುದುಂಟಾದರೂ, ಯಾವುದು ಪ್ರಧಾನವೆಂಬುದನ್ನು ಗುರುತಿಸದೆ ಪ್ರಕಾರದ ಚರ್ಚೆ ಮುಂದುವರಿಯದು.

ಮೂರ್ತಿರಾಯರ ಎರಡು ಬರಹಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಈ ವಿವೇಚನೆ ಇನ್ನಷ್ಟು ಸ್ಪಷ್ಟವಾಗುತ್ತದೆ. 1991ರಲ್ಲಿ ಪ್ರಕಟವಾದ, ಪಂಪ ಪ್ರಶಸ್ತಿಗೆ ಪಾತ್ರವಾದ 'ದೇವರು' ವೈಚಾರಿಕ ಕೃತಿ. ಅದರಲ್ಲಿ ಲೇಖಕರು ತಮ್ಮ ಅಪನಂಬಿಕೆಯನ್ನು ಮರೆಮಾಚುವುದಿಲ್ಲ. ಆದರೂ ವಾದದ ಬಲ ಅವರ ವ್ಯಕ್ತಿತ್ವವನ್ನು ಅವಲಂಬಿಸಿಲ್ಲ. ಅಲ್ಲಿನ ತರ್ಕವನ್ನು ಓದುಗ ಒಪ್ಪಬಹುದು, ಖಂಡಿಸಬಹುದು, ತನ್ನ ಮಾತಿನಲ್ಲಿ ಸಂಗ್ರಹಿಸಬಹುದು. ಶಾಲಾ ಪಠ್ಯದ ಮೂಲಕ ಪರಿಚಿತವಾದ 'ವ್ಯಾಘ್ರಗೀತೆ'ಯ ಸ್ಥಿತಿ ಬೇರೆ. ಶಾನುಭೋಗರೊಬ್ಬರ ಬೆನ್ನು ಹತ್ತಿದ ಹುಲಿಗೆ, ಹಿಂದಿನಿಂದ ಎರಗುವುದು ಧರ್ಮವಲ್ಲವೆಂಬ ಸಂಕೋಚ. ಶಾನುಭೋಗರ ಕೈಯಲ್ಲಿರುವ ಆಯುಧ ಖಿರ್ದಿ ಪುಸ್ತಕ. ಇಲ್ಲಿಯೂ ಧರ್ಮ, ನಂಬಿಕೆ, ಅನುಕೂಲಗಳ ಸಂಬಂಧವೇ ಪರೀಕ್ಷೆಗೆ ಒಳಗಾಗಿದೆ. ಆದರೆ ಅದರ ಸಾರವನ್ನು ತೆಗೆದು ಹೇಳಲು ಹೊರಟರೆ ಕೈಯಲ್ಲಿ ಉಳಿಯುವುದು ಅತ್ಯಲ್ಪ. ಧರ್ಮಶೀಲ ಹುಲಿಯನ್ನು ಕಲ್ಪಿಸಿ ನಗುವ, ನಗುತ್ತಲೇ ಆ ಧರ್ಮದ ಬಗ್ಗೆ ಒಂದಿಷ್ಟು ಅಕ್ಕರೆಯನ್ನೂ ಉಳಿಸಿಕೊಂಡ ಮನಸ್ಸೇ ಅದರ ಅರ್ಥ. ಆ ಬರಹದ ಬಹುಭಾಗ ಶಾನುಭೋಗರ ಮತ್ತು ಹುಲಿಯ ಕಥೆಯಾಗಿ ಸಾಗಿದರೂ ನಿರೂಪಕನ ಸಾನ್ನಿಧ್ಯ ಎಲ್ಲೆಡೆ ಇದೆ. ಸರ್ವನಾಮದ ಬಳಕೆ ಪ್ರಕಾರದ ಒರೆಗಲ್ಲಾಗದು ಎಂಬುದಕ್ಕೆ ಇದು ಸಾಕಷ್ಟು ಪುರಾವೆ.

ಹರಟೆಯೊಡನೆ ಲಲಿತ ಪ್ರಬಂಧವನ್ನು ಸಮೀಕರಿಸುವುದೂ ರೂಢಿಯಲ್ಲಿದೆ. ಎರಡಕ್ಕೂ ಆತ್ಮೀಯ ಸಂಭಾಷಣೆಯೇ ತಳಹದಿ. ಆದರೆ ಹರಟೆಗೆ ಸಭೆಯ ನಗು ದೊರೆತರೆ ಕಾರ್ಯ ಸಿದ್ಧಿಸಿದಂತೆ. ಪ್ರಬಂಧದಲ್ಲಿ ನಗುವಿನ ನಂತರವೂ ಪ್ರಶ್ನೆಯೊಂದು ಉಳಿಯುತ್ತದೆ.

ಈ ವ್ಯತ್ಯಾಸಗಳು ಕೇವಲ ವರ್ಗೀಕರಣದ ವಿಷಯಗಳಲ್ಲ. ಹಳೆಯ ಮೈಸೂರಿನ ಗ್ರಾಮಜೀವನವನ್ನು ಅಧ್ಯಯನ ಮಾಡುವವರಿಗೆ ಲಲಿತ ಪ್ರಬಂಧಗಳು ಆಕರಗಳಾಗಿ ಒದಗಬಲ್ಲವು. ಅವುಗಳಿಂದ ಘಟನೆಗಳನ್ನಷ್ಟೇ ಆಯ್ದುಕೊಂಡರೆ, ಅತಿಶಯೋಕ್ತಿ ದಾಖಲೆಯಾಗುತ್ತದೆ, ವಿನೋದ ಅಭಿಪ್ರಾಯವಾಗುತ್ತದೆ. ಈಲಿಯಾನ ಮಕ್ಕಳನ್ನು ಲ್ಯಾಂಬನ ವಂಶಾವಳಿಯಲ್ಲಿ ಹುಡುಕಿದಂತಾಗುತ್ತದೆ. ಹಾಗೆಂದು ಅವು ಆಕರಗಳಲ್ಲವೆಂದು ತಳ್ಳಿಹಾಕುವುದೂ ತಪ್ಪು. ಒಂದು ಕಾಲದ ವಿದ್ಯಾವಂತ ಮನಸ್ಸು ಯಾವುದಕ್ಕೆ ನಕ್ಕಿತು, ಯಾವುದರ ಮುಂದೆ ಹಿಂಜರಿಯಿತು, ತಾನು ನಂಬದಿದ್ದುದನ್ನೂ ಹೇಗೆ ಪ್ರೀತಿಸಿತು ಎಂಬುದಕ್ಕೆ ಇಷ್ಟು ಸೂಕ್ಷ್ಮವಾದ ಸಾಕ್ಷ್ಯ ಕಡತಗಳಲ್ಲಿ ದೊರೆಯುವುದು ವಿರಳ. ಆ ಸಾಕ್ಷ್ಯವಿರುವುದು ವಾಕ್ಯಗಳ ತಿರುವಿನಲ್ಲಿ, ವಿಷಯಾಂತರದಲ್ಲಿ, ಅರ್ಧಕ್ಕೆ ಬಿಟ್ಟ ನಿರ್ಣಯದಲ್ಲಿ. ಸಾರಾಂಶದಲ್ಲಿ ಮೊದಲು ಅಳಿಸಿಹೋಗುವ ಅಂಶಗಳೂ ಇವೇ ಆಗಿರುವುದರಿಂದ, ಲಲಿತ ಪ್ರಬಂಧದ ಅಧ್ಯಯನ ವಸ್ತುಸೂಚಿಯಿಂದಲ್ಲದೆ ಅದರ ಗದ್ಯದ ನಡಿಗೆಯಿಂದಲೇ ಆರಂಭವಾಗಬೇಕಾಗುತ್ತದೆ.